ಜೆಐಎ (ಮಕ್ಕಳಿಗೆ ಬರುವ ದೀರ್ಘಕಾಲದ ಕೀಲುವಾತ) ಇರುವ ಮಕ್ಕಳ ಪಾದಕ್ಕೆ ನೀವೆಲ್ಲ ಏನು ಮಾಡುತ್ತಿದ್ದೀರಿ? ಪಾದದ ಅಚ್ಚು ತೆಗೆದು ಮಾಡಿಸಿದ ಇನ್ಸೋಲಾ (ಶೂ ಒಳಗೆ ಕೂರಿಸುವ ಹಾಸು), ರೆಡಿಮೇಡಾ, ಬರೀ ಒಳ್ಳೇ ಶೂನಾ?

ಮಲೆನಾಡಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ, ಜೆಐಎ ಇದೆ. ಮಂಡಿಯಲ್ಲಿ ಶುರುವಾಯಿತು, ಆಮೇಲೆ ಬಲಗಾಲಿನ ಹರಡೂ (ಪಾದದ ಮೇಲಿನ ಗಂಟು) ಊದಿತು. ಉರಿಯೂತ ತಗ್ಗಿಸಲು ವಾರಕ್ಕೊಂದು ಸಲ ಮೆಥೊಟ್ರೆಕ್ಸೇಟ್ ಔಷಧಿ ನಡೆಯುತ್ತಿದೆ. ಮಂಡಿ ಈಗ ಚೆನ್ನಾಗಿದೆ. ಆದರೆ ಸಂಜೆ ಶಾಲೆಯಿಂದ ಬರುವಾಗ ಪಾದದ ಹೊರ ಅಂಚಿನ ಮೇಲೆ ಭಾರ ಬಿಟ್ಟು ನಡೆಯುತ್ತಾಳೆ. ಕೇಳಿದರೆ "ನೋವಿಲ್ಲ ಅಮ್ಮ" ಅಂತಾಳೆ.

ಡಾಕ್ಟರು ಇನ್ಸೋಲ್ ಹಾಕಿಸಿ ಅಂದರು. ಎಂಥದ್ದು, ಎಲ್ಲಿ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ಶಿವಮೊಗ್ಗದ ಅಂಗಡಿಯಲ್ಲಿ ಜೆಲ್ ಇನ್ಸೋಲ್ ತೋರಿಸುತ್ತಾರೆ. ಬೆಂಗಳೂರಿನಲ್ಲಿ ಅಚ್ಚು ತೆಗೆದು ಮಾಡಿಕೊಡುತ್ತಾರಂತೆ, ಅದಕ್ಕೆ ಸಾವಿರಗಟ್ಟಲೆ ಆಗುತ್ತದೆ, ಮಗು ಬೆಳೆದ ಹಾಗೆ ಮತ್ತೆ ಮಾಡಿಸಬೇಕು. ಮನೆಯಲ್ಲಿ ಇನ್ನೊಂದು ತಾಪತ್ರಯ. ನೆಲ ಥಂಡಿ, ಒಳಗೂ ಚಪ್ಪಲಿ ಹಾಕಿಸಿ ಅಂತ ಫಿಸಿಯೋ ಹೇಳಿದ್ದಾರೆ, ಅತ್ತೆಗೆ ಅದು ಸುತಾರಾಂ ಇಷ್ಟ ಇಲ್ಲ.

ನನಗೆ ಪುಸ್ತಕದ ಉತ್ತರ ಬೇಡ. ನೀವು ಯಾವುದನ್ನು ಆರಿಸಿಕೊಂಡಿರಿ, ಯಾಕೆ, ಮಗು ಹಾಕಿಕೊಂಡಿತಾ, ಅಷ್ಟು ಹೇಳಿ ಸಾಕು.

ಧಾರವಾಡ ಅಪ್ಪ:
ನಾ ಮೊದಲ ಹೇಳಿಬಿಡ್ತೀನಿ ಮೇಡಂ, ಈ ಇನ್ಸೋಲ್ ವಿಷಯದಾಗ ವ್ಯಾಪಾರ ಜಾಸ್ತಿ. ನನ್ನ ಮಗನಿಗೆ ದುಡ್ಡು ಕೊಟ್ಟು ಮಾಡಿಸಿದ್ದು ಕಪಾಟಿನಲ್ಲಿ ಬಿದ್ದಿದೆ. ಅದನ್ನು ಹಾಕಿದರೆ ಶೂ ಬಿಗಿ ಆಗುತ್ತದೆ ಅಂತ ತೆಗೆದು ಬ್ಯಾಗಿನಲ್ಲಿಟ್ಟುಕೊಂಡು ಬರುತ್ತಿದ್ದ. ಕೊನೆಗೆ ಒಂದು ಒಳ್ಳೇ ಸ್ಪೋರ್ಟ್ಸ್ ಶೂ ಕೊಡಿಸಿದೆ. ಹಿಮ್ಮಡಿ ಗಟ್ಟಿ, ಮುಂದೆ ಅಗಲ. ಈಗ ಆರಾಮಾಗಿ ನಡೆಯುತ್ತಾನೆ. ನಮ್ಮ ಆಯ್ಕೆ ಏನಂದರೆ, ಮೊದಲು ಶೂ ನೋಡ್ರಿ, ಉಳಿದದ್ದು ಆಮೇಲೆ.

ಕಾಲುಚೈನು:
ನಮ್ಮದು ಮೈಸೂರು, ಮಗಳಿಗೆ ಆರು ವರ್ಷ. ಹರಡು ಊದಿದ್ದು ನಮಗೆ ಗೊತ್ತಾಗಿದ್ದೇ ಬೆಳ್ಳಿ ಚೈನಿನಿಂದ. ಬೆಳಿಗ್ಗೆ ಏಳುವಾಗ ಒಂದೇ ಕಾಲಿನಲ್ಲಿ ಚೈನಿನ ಗುರುತು ಬಿದ್ದಿರುತ್ತಿತ್ತು. ಎಲ್ಲರೂ ಉಳುಕು ಅಂದರು. ಎಣ್ಣೆ ಹಾಕಿ ನೀವಿ, ಪಟ್ಟು ಹಾಕಿಸಿ ಅಂತ ಸಲಹೆ ಕೊಡದವರೇ ಇಲ್ಲ. ದಯವಿಟ್ಟು ಊದಿರುವ ಗಂಟನ್ನು ಗಟ್ಟಿಯಾಗಿ ತಿಕ್ಕಿಸಬೇಡಿ, ಬಿಗಿಯಾಗಿ ಕಟ್ಟು ಹಾಕಿಸಬೇಡಿ. ಹದಿನಾರು ವರ್ಷದೊಳಗಿನ ಮಗುವಿಗೆ ಕಾರಣ ಗೊತ್ತಿಲ್ಲದ ಕೀಲು ಊತ ಆರು ವಾರ ದಾಟಿದರೆ ಅದು ಉಳುಕಲ್ಲ, ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರು) ನೋಡಲೇಬೇಕು.

ಮಲೆನಾಡಮ್ಮ ಅವರೇ, ನಾನು ಆರಿಸಿಕೊಂಡದ್ದು ರೆಡಿಮೇಡ್. ಕಾರಣ ಸಿಂಪಲ್. ಮಗುವಿನ ಪಾದ ಬೆಳೆಯುತ್ತಲೇ ಇರುತ್ತದೆ, ಅಚ್ಚಿನದ್ದು ಕೈಗೆ ಬರುವ ಹೊತ್ತಿಗೆ ಶೂ ಸೈಜೇ ಬದಲಾಗಿರುತ್ತದೆ. ಆದರೆ ಜೆಲ್ ತಗೊಳ್ಳಬೇಡಿ. ಮೆತ್ತಗೆ ಹಾಯಾಗಿರುತ್ತದೆ, ಆದರೆ ಪಾದ ಒಳಕ್ಕೆ ವಾಲುವುದನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ನಮಗೆ ಇವಿಎ ಅನ್ನುವ ಫೋಮಿನ ಇನ್ಸೋಲನ್ನು ಬಿಸಿ ಮಾಡಿ ಪಾದಕ್ಕೆ ತಕ್ಕ ಹಾಗೆ ಒತ್ತಿ ಕೊಟ್ಟರು. ಅದೇ ದಿನ ಮನೆಗೆ ತಂದೆವು.

ಇನ್ಸೋಲ್ ಮೇಷ್ಟ್ರು:
ನಾನು ಬೆಂಗಳೂರಿನಲ್ಲಿ ಪ್ರಾಸ್ಥೆಟಿಕ್ಸ್ ಮತ್ತು ಆರ್ಥಾಟಿಕ್ಸ್, ಅಂದರೆ ಕೃತಕ ಕೈಕಾಲು, ಇನ್ಸೋಲ್ ಥರದ್ದನ್ನು ಮಾಡಿಕೊಡುವ ಕೆಲಸ ಮಾಡುವವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಾರ್ಥ ಇದೆ ಅಂದುಕೊಂಡೇ ಓದಿ.

ಧಾರವಾಡದ ಸರ್ ಹೇಳಿದ್ದು ಅರ್ಧ ಸರಿ. ಶೂ ಸರಿಯಿಲ್ಲದಿದ್ದರೆ ಎಂಥ ಇನ್ಸೋಲೂ ಕೆಲಸ ಮಾಡುವುದಿಲ್ಲ. ಶೂ ಬಿಗಿ ಆಗಿದ್ದು ಯಾಕೆ ಅಂದರೆ, ಕಂಪನಿಯಿಂದ ಬಂದ ಒಳಪದರ ತೆಗೆಯದೆ ಅದರ ಮೇಲೆ ಇನ್ನೊಂದು ಹಾಕಿರಬಹುದು. ತುಂಬ ಕಡೆ ಆಗುವುದು ಇದೇ. ಒಳಪದರ ಎದ್ದು ಬರುವಂಥ, ಸ್ವಲ್ಪ ಆಳ ಇರುವ ಶೂ ಆರಿಸಬೇಕು. ಹಿಮ್ಮಡಿ ಭಾಗವನ್ನು ಎರಡೂ ಕಡೆಯಿಂದ ಬೆರಳಲ್ಲಿ ಒತ್ತಿದರೆ ಮಡಚಿಕೊಳ್ಳಬಾರದು. ಮುಂದೆ ಬೆರಳಿನ ಬುಡದ ಹತ್ತಿರ ಬಗ್ಗಬೇಕು, ನಡುವೆ ಬಗ್ಗಬಾರದು. ಅತಿ ಉದ್ದದ ಬೆರಳಿನ ಮುಂದೆ ನಿಮ್ಮ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಬೆಳಿಗ್ಗೆ ಕೈಬೆರಳೂ ಬಿಗಿಯಾಗಿರುವ ಮಕ್ಕಳಿಗೆ ಲೇಸಿಗಿಂತ ವೆಲ್ಕ್ರೋ ವಾಸಿ.

ಬರೀ ಶೂ ಸಾಕಾ ಅನ್ನುವುದಕ್ಕೆ ಒಂದು ಉತ್ತರ ಇದೆ. 2005ರಲ್ಲಿ ಅಮೆರಿಕದಲ್ಲಿ ಜೆಐಎ ಇರುವ 40 ಮಕ್ಕಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದಕ್ಕೆ ಅಚ್ಚು ತೆಗೆದು ಮಾಡಿದ ಇನ್ಸೋಲ್, ಇನ್ನೊಂದಕ್ಕೆ ಅಂಗಡಿಯ ಚಪ್ಪಟೆ ಮೆತ್ತೆ, ಮೂರನೆಯದಕ್ಕೆ ಹೊಸ ಸ್ಪೋರ್ಟ್ಸ್ ಶೂ ಮಾತ್ರ. ನೋವು ಕಡಿಮೆಯಾಗುವುದರಲ್ಲಿ, ನಡಿಗೆಯ ವೇಗದಲ್ಲಿ ಅಚ್ಚಿನ ಗುಂಪೇ ಮುಂದಿತ್ತು. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ಪೂರ್ತಿ ವ್ಯಾಪಾರ ಅನ್ನುವ ಮಾತು ಮಾತ್ರ ಬೇಡ ಸರ್.

ಲೀಡ್ಸ್ ಕನ್ನಡತಿ:
ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗನಿಗೆ ಪಾಲಿ ಜೆಐಎ, ಅಂದರೆ ಮೊದಲ ಆರು ತಿಂಗಳಲ್ಲೇ ಐದು ಅಥವಾ ಹೆಚ್ಚು ಕೀಲುಗಳಿಗೆ ಬಂದಿರುವುದು. ಮೇಷ್ಟ್ರು ಹೇಳಿದ ಅಧ್ಯಯನದ ಜೊತೆಗೆ ಇನ್ನೊಂದು ಸೇರಿಸುತ್ತೇನೆ, ಇದು ಬ್ರಿಟನ್ನಿನದು, 2014ರದ್ದು, 60 ಮಕ್ಕಳು. ಅದರಲ್ಲಿ ಬಳಸಿದ್ದು ರೆಡಿಮೇಡ್ ಇನ್ಸೋಲೇ, ಆದರೆ ಕ್ಲಿನಿಕ್ಕಿನಲ್ಲೇ ಮಗುವಿನ ಪಾದಕ್ಕೆ ತಕ್ಕಂತೆ ಅಲ್ಲಲ್ಲಿ ತುಂಡು ಅಂಟಿಸಿ ಸರಿಮಾಡಿ ಕೊಟ್ಟರು. ಆರು ತಿಂಗಳು ನೋಡಿದಾಗ ಸುಮ್ನೆ ತೆಳು ಪದರ ಹಾಕಿಕೊಂಡ ಮಕ್ಕಳಿಗಿಂತ ಇವರಿಗೆ ನೋವು ಕಡಿಮೆ ಆಗಿತ್ತು. ಹಾಗಾಗಿ ಅಚ್ಚೇ ಬೇಕು, ಇಲ್ಲದಿದ್ದರೆ ಏನೂ ಬೇಡ ಅಂತ ಕೂರಬೇಕಾಗಿಲ್ಲ. ರೆಡಿಮೇಡ್ ತಂದು, ಗೊತ್ತಿರುವವರ ಕೈಯಲ್ಲಿ ಸರಿಮಾಡಿಸಿ. ಕಾಲುಚೈನು ಅವರು ಮಾಡಿದ್ದೂ ಇದೇ ಅಲ್ವಾ?

ಇಲ್ಲಿ ಆಸ್ಪತ್ರೆಯ ತಂಡದಲ್ಲಿ ಪೋಡಿಯಾಟ್ರಿಸ್ಟ್ ಅಂತ ಪಾದ ನೋಡುವವರೇ ಇರುತ್ತಾರೆ. ದುಡ್ಡು ಕೊಡಬೇಕಿಲ್ಲ, ಇನ್ಸೋಲ್ ಅವರೇ ಕೊಡುತ್ತಾರೆ. ಕಾಯುವುದು ಮಾತ್ರ ಜಾಸ್ತಿ. ಇಲ್ಲಿಯ ಅಪ್ಪ ಅಮ್ಮಂದಿರ ಗುಂಪಿನಲ್ಲಿ ನಾನು ಕೇಳುವ ದೂರು ಬೇರೆ. ಕಣ್ಣಿಗೊಂದು ದಿನ, ರಕ್ತಕ್ಕೊಂದು ದಿನ, ಪಾದಕ್ಕೊಂದು ದಿನ ಅಂತ ಕರೆಯುತ್ತಾರೆ. ಶಾಲೆ ಎಷ್ಟು ತಪ್ಪಿಸುವುದು, ಕೆಲಸಕ್ಕೆ ಎಷ್ಟು ರಜೆ ಹಾಕುವುದು. ಎಲ್ಲರಿಗೂ ಬೇಕಾಗಿರುವುದು ಒಂದೇ ದಿನ, ಒಂದೇ ಬಾಗಿಲು.

ಕಾಲುಚೈನು:
ಅಯ್ಯೋ, ಅದು ನಮಗೂ ಬೇಕು! ಊರಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಇನ್ನೂ ಜಾಸ್ತಿ ಬೇಕು. ರುಮಟಾಲಜಿಗೆ ಬಂದ ದಿನವೇ ಫಿಸಿಯೋ, ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಇನ್ಸೋಲ್ ಅಳತೆ ಮೂರೂ ಮುಗಿಸಿಕೊಳ್ಳುವ ಹಾಗೆ ಮೊದಲೇ ಫೋನ್ ಮಾಡಿ ಕೇಳಿ. ಹೌದು, ಪಾದದ ಚರ್ಚೆ ಅಂತ ಕಣ್ಣು ಮರೆಯಬೇಡಿ. ಈ ಮಕ್ಕಳಿಗೆ ಕಣ್ಣೊಳಗೆ ಉರಿಯೂತ ಬಂದರೂ ಕಣ್ಣು ಕೆಂಪಾಗದೆ, ನೋಯದೆ ಇರಬಹುದು.

ಪಿಯುಸಿ ಓದ್ತಾ ಇದೀನಿ:
ಇಲ್ಲಿ ಬರೀ ಅಪ್ಪ ಅಮ್ಮಂದಿರೇ ಮಾತಾಡ್ತಾ ಇದೀರ. ನಾನು ಆ ಮಗು. ಹದಿನೇಳು ವರ್ಷ. ನನ್ನದು ಎಂಥೆಸೈಟಿಸ್ ಜಾತಿಯದು. ಸ್ನಾಯು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ನೋವು. ಹಿಮ್ಮಡಿಯ ಹಿಂದೆ ಮತ್ತು ಅಡಿಯಲ್ಲಿ. ಬೆಳಿಗ್ಗೆ ಮೊದಲ ಹೆಜ್ಜೆ ಇಡುವಾಗ ಜೀವ ಹೋಗುತ್ತದೆ, ಓಡಾಡಿದ ಮೇಲೆ ಕಡಿಮೆ ಆಗುತ್ತದೆ. ಅದಕ್ಕೇ ಶಾಲೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಬೆಳಿಗ್ಗೆ ಕುಂಟುತ್ತಾನೆ, ಮಧ್ಯಾಹ್ನ ಖೋಖೋ ಆಡುತ್ತಾನೆ, ನಾಟಕ ಅಂತ.

"ನೋವಿದೆಯಾ" ಅಂತ ಕೇಳಬೇಡಿ ಆಂಟಿ. ಇಲ್ಲ ಅಂತಾನೇ ಹೇಳ್ತೀವಿ. ಹೌದು ಅಂದರೆ ಇಂಜೆಕ್ಷನ್ ಹೆಚ್ಚು ಮಾಡುತ್ತಾರೆ, ಇಲ್ಲ ಆಟ ಬಿಡಿಸುತ್ತಾರೆ. ಸಣ್ಣ ಮಕ್ಕಳಿಗೆ ಅದು ನೋವು ಅಂತಲೂ ಗೊತ್ತಿರಲ್ಲ, ಕಾಲು ಅಂದರೆ ಹೀಗೇ ಇರುತ್ತದೆ ಅಂದುಕೊಂಡಿರುತ್ತವೆ. ಇವತ್ತು ಯಾವ ಆಟ ಬಿಟ್ಟೆ, ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಇಟ್ಟೆ, ಅಂತ ಕೇಳಿ.

ಇನ್ನೊಂದು, ನನಗೆ ಬೇಕಾಗಿದ್ದದ್ದು ಕಾಣದ ಇನ್ಸೋಲ್. ಮೂಳೆ ಆಸ್ಪತ್ರೆಯ ದೊಡ್ಡ ಕಪ್ಪು ಶೂ ತಂದಿಟ್ಟಾಗ ನಾನು ಹಾಕಲೇ ಇಲ್ಲ. ಅಪ್ಪ ಬೈದರು, ಆದರೂ ಹಾಕಲಿಲ್ಲ. ಕೊನೆಗೆ ಮಾಮೂಲಿ ಶೂ ಒಳಗೆ ಹಿಮ್ಮಡಿ ಕಪ್ ಹಾಕಿ ಕೊಟ್ಟರು. ಅದು ಯಾರಿಗೂ ಕಾಣಲ್ಲ, ಅದಕ್ಕೇ ದಿನಾ ಹಾಕ್ತೀನಿ.

ಧಾರವಾಡ ಅಪ್ಪ:
ತಮ್ಮಾ, ನೀ ಹೇಳಿದ ಮೇಲೆ ನನ್ನ ಮಗ ಇನ್ಸೋಲ್ ಬ್ಯಾಗಿನಲ್ಲಿ ಯಾಕೆ ಇಡುತ್ತಿದ್ದ ಅಂತ ಬೇರೆ ಥರ ಯೋಚನೆ ಬಂತು. ಕೇಳ್ತೀನಿ ಅವನನ್ನ. ಆದರೂ ಮೊದಲು ಶೂ ಅನ್ನುವ ಮಾತು ನಾ ಬಿಡೂದಿಲ್ಲ ನೋಡ್ರಿ.

ಫಿಸಿಯೋ ಅಕ್ಕ:
ಇನ್ಸೋಲ್ ಗಲಾಟೆಯಲ್ಲಿ ಒಂದು ಮಾತು ಕಳೆದುಹೋಗಬಾರದು. ಇನ್ಸೋಲ್ ಊತ ಇಳಿಸುವುದಿಲ್ಲ. ಭಾರವನ್ನು ಹಂಚುತ್ತದೆ, ಪಾದವನ್ನು ನೇರ ನಿಲ್ಲಿಸಲು ಸಹಾಯ ಮಾಡುತ್ತದೆ, ಅಷ್ಟೇ. ಒಳಗಿನ ಉರಿಯೂತಕ್ಕೆ ಔಷಧಿಯೇ ಬೇಕು. ಹಾಗಾಗಿ ಮಲೆನಾಡಮ್ಮ ಅವರೇ, ಮಗಳು ಹೊರ ಅಂಚಿನ ಮೇಲೆ ನಡೆಯುತ್ತಿದ್ದರೆ ಇನ್ಸೋಲ್ ಹುಡುಕುವ ಮೊದಲು ಡಾಕ್ಟರ ಹತ್ತಿರ ಪಾದವನ್ನು ಸರಿಯಾಗಿ ನೋಡಿಸಿ. ಹರಡಿನ ಕೆಳಗೆ ಸಬ್‌ಟೇಲಾರ್ ಅಂತ ಇನ್ನೊಂದು ಕೀಲು ಇದೆ. ಪಾದವನ್ನು ಒಳಕ್ಕೆ ಹೊರಕ್ಕೆ ವಾಲಿಸುವುದು ಅದು. ಅಲ್ಲಿ ಊತ ಇದ್ದರೆ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಮಾಡಿದಾಗ ಸಿಗುವುದುಂಟು. ಹೆಬ್ಬೆರಳಿನ ಬುಡ ನೋಯುತ್ತಿದ್ದರೂ ಮಕ್ಕಳು ಹೊರ ಅಂಚಿಗೆ ಭಾರ ಬಿಡುತ್ತಾರೆ.

ಮನೆಯಲ್ಲಿ ನೀವೇ ನೋಡುವುದು ಹೀಗೆ. ಮಗುವನ್ನು ಬರಿಗಾಲಿನಲ್ಲಿ ನಿಲ್ಲಿಸಿ, ನೀವು ಹಿಂದೆ ನೆಲದ ಮೇಲೆ ಕೂತುಕೊಳ್ಳಿ. ಹಿಮ್ಮಡಿಯ ಮೇಲೆ ದಪ್ಪ ನರದ (ಮೀನಖಂಡದ ಸ್ನಾಯುರಜ್ಜು) ಎರಡೂ ಪಕ್ಕ ಒಂದೊಂದು ತಗ್ಗು ಕಾಣಬೇಕು. ಒಂದು ಕಾಲಿನಲ್ಲಿ ತಗ್ಗು ತುಂಬಿಕೊಂಡಿದ್ದರೆ ಊತ ಇದೆ ಅಂತ ಲೆಕ್ಕ. ಆಮೇಲೆ ತುದಿಗಾಲಿನಲ್ಲಿ ನಿಲ್ಲು ಅನ್ನಿ. ಎರಡೂ ಹಿಮ್ಮಡಿ ಒಂದೇ ಸಮ ಮೇಲೆ ಏಳುತ್ತವಾ ನೋಡಿ. ಸಂಜೆ ಆಕೆ ನಡೆಯುವುದನ್ನು ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಮಕ್ಕಳು ಬೆಳಿಗ್ಗೆ ಹನ್ನೊಂದಕ್ಕೆ ಚೆನ್ನಾಗಿಯೇ ನಡೆಯುತ್ತಾರೆ. ಡಾಕ್ಟರಿಗೆ ವಿಡಿಯೋ ತೋರಿಸಿದರೆ ಮಾತೇ ಬೇಕಾಗುವುದಿಲ್ಲ.

ಮಂಡಿಗೆ ಬಂದಿತ್ತು ಅಂದಿರಿ. ಎರಡೂ ಕಾಲಿನ ಉದ್ದ ಅಳೆಸಿದ್ದೀರಾ? ಸಣ್ಣ ವಯಸ್ಸಿನಲ್ಲಿ ಮಂಡಿ ತುಂಬ ದಿನ ಊದಿಕೊಂಡಿದ್ದರೆ ಆ ಕಾಲಿಗೆ ರಕ್ತ ಹೆಚ್ಚು ಹರಿದು ಅದೇ ಸ್ವಲ್ಪ ಉದ್ದ ಬೆಳೆಯಬಹುದು. ಆಗ ಮಗು ಆ ಮಂಡಿ ಬಗ್ಗಿಸಿ ನಡೆಯುತ್ತದೆ, ಇಲ್ಲ ಇನ್ನೊಂದು ಕಾಲಿನ ತುದಿಯ ಮೇಲೆ ನಡೆಯುತ್ತದೆ.

ಇನ್ಸೋಲ್ ಮೇಷ್ಟ್ರು:
ಅಕ್ಕ ಹೇಳಿದ್ದು ಬಹಳ ಮುಖ್ಯ. ಉದ್ದದಲ್ಲಿ ವ್ಯತ್ಯಾಸ ಇದ್ದರೆ ಗಿಡ್ಡ ಕಾಲಿನ ಶೂಗೆ ಎತ್ತರ ಕೊಡುತ್ತೇವೆ. ಸುಮಾರು ಒಂದು ಸೆಂಟಿಮೀಟರಿನವರೆಗೆ ಶೂ ಒಳಗೇ ಕೂರಿಸಬಹುದು, ಅದಕ್ಕಿಂತ ಹೆಚ್ಚಾದರೆ ಹೊರಗಿನ ಸೋಲ್‌ಗೆ ಪದರ ಅಂಟಿಸಬೇಕು. ಅಳತೆ ಡಾಕ್ಟರು ಬರೆದುಕೊಟ್ಟರೆ ಪದರ ಅಂಟಿಸುವ ಕೆಲಸವನ್ನು ಊರಿನ ಚಪ್ಪಲಿ ರಿಪೇರಿಯವರೂ ಅಚ್ಚುಕಟ್ಟಾಗಿ ಮಾಡುತ್ತಾರೆ, ನಾನು ನೋಡಿದ್ದೇನೆ.

ಅಚ್ಚು ತೆಗೆಸುವುದಾದರೆ ಪಾದ ಊದಿರುವಾಗ ಬೇಡ. ಇಳಿದ ಮೇಲೆ ಆ ಆಕಾರ ಕೂರುವುದಿಲ್ಲ. ಹೊಸದನ್ನು ಮೊದಲ ದಿನ ಒಂದು ಗಂಟೆ ಹಾಕಿಸಿ, ದಿನ ದಿನ ಹೆಚ್ಚಿಸಿ. ತೆಗೆದ ಮೇಲೆ ಪಾದದಲ್ಲಿ ಕೆಂಪು ಗುರುತು ಬೇಗ ಹೋಗದಿದ್ದರೆ, ಬೊಬ್ಬೆ ಬಂದರೆ, ತಂದು ತೋರಿಸಿ. ಉಜ್ಜಿ ಸರಿಮಾಡುವುದು ಐದು ನಿಮಿಷದ ಕೆಲಸ. ಜನ ಅದಕ್ಕೆ ವಾಪಸ್ ಬರುವುದೇ ಇಲ್ಲ, ಕಪಾಟಿಗೆ ಹಾಕಿಬಿಡುತ್ತಾರೆ. ಮಾಡಿಕೊಡುವವರ ಹತ್ತಿರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಧೈರ್ಯವಾಗಿ ಕೇಳಿ. ಬೆಂಗಳೂರಿನ ಜೆಪಿ ನಗರದಲ್ಲಿ ಮೊಬಿಲಿಟಿ ಇಂಡಿಯಾ ಅಂತ ಸಂಸ್ಥೆ ಇದೆ, ಈ ಕೆಲಸ ಕಲಿಸುವ ಕೋರ್ಸೂ ಅಲ್ಲಿದೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಪಿಎಂಆರ್ (ಪುನರ್ವಸತಿ ಚಿಕಿತ್ಸೆ) ವಿಭಾಗದಲ್ಲೂ ವಿಚಾರಿಸಿ.

ಮಲೆನಾಡಮ್ಮ:
ಹಿಂದಿನಿಂದ ನೋಡುವುದು ಯಾರೂ ಹೇಳಿರಲಿಲ್ಲ! ಈಗಷ್ಟೇ ನಿಲ್ಲಿಸಿ ನೋಡಿದೆ. ಬಲಗಾಲಿನ ತಗ್ಗು ನಿಜವಾಗಿಯೂ ತುಂಬಿಕೊಂಡಿದೆ. ನಾಳೆ ಡಾಕ್ಟರಿಗೆ ಫೋಟೋ ಕಳಿಸುತ್ತೇನೆ.

ಮನೆಯೊಳಗಿನ ಚಪ್ಪಲಿ ವಿಷಯ ಯಾರಾದರೂ ಹೇಳಿ. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಜುಲೈನಲ್ಲಿ ಕಾಲಿಟ್ಟರೆ ಐಸ್.

ಸೀಮೆಸುಣ್ಣ:
ನಾನು ಅಜ್ಜಿ ಕಡೆಯವಳು, ಅಂದರೆ ನಾನೇ ಅಜ್ಜಿ. ರಿಟೈರ್ಡ್ ಟೀಚರ್. ನಮ್ಮ ಮೊಮ್ಮಗಳಿಗೂ ಇದೇ ಕಾಯಿಲೆ. ಒಳಗೆ ಚಪ್ಪಲಿ ಅಂದಾಗ ನನಗೂ ಮುಜುಗರವೇ ಆಯಿತು. ಸೊಸೆ ಜಗಳಕ್ಕೆ ಬರಲಿಲ್ಲ. ಹೊಸ ಜೊತೆ ತಂದು, ಇದು ಹೊಸಿಲು ದಾಟುವುದಿಲ್ಲ ಅತ್ತೆ, ದೇವರ ಮನೆ ಬಾಗಿಲಲ್ಲಿ ಬಿಡುತ್ತಾಳೆ ಅಂದಳು. ಬಟ್ಟೆಯ ಪಟ್ಟಿ ಇರುವುದು, ತೊಳೆಯಲೂ ಬರುತ್ತದೆ. ಈಗ ನನಗೇ ಮಂಡಿ ನೋವು, ನಾನೂ ಒಂದು ಜೊತೆ ಹಾಕಿಕೊಂಡೇ ಓಡಾಡುತ್ತೇನೆ. ನಿಮ್ಮ ಅತ್ತೆಗೆ ಡಾಕ್ಟರ ಬಾಯಲ್ಲಿ ಹೇಳಿಸಿ ನೋಡು ತಾಯಿ. ನಾವು ಹಳಬರು ಸೊಸೆ ಮಾತಿಗಿಂತ ಡಾಕ್ಟರ ಮಾತಿಗೆ ಬೇಗ ಬಗ್ಗುತ್ತೇವೆ.

ಫಿಸಿಯೋ ಅಕ್ಕ:
ಒಳಗೆ ಹಾಕುವುದಾದರೂ ಹವಾಯಿ ಬೇಡ. ಅದು ಜಾರದ ಹಾಗೆ ಬೆರಳಲ್ಲಿ ಹಿಡಿದುಕೊಂಡೇ ನಡೆಯಬೇಕು, ಬೆರಳಿನ ಕೀಲುಗಳಿಗೆ ಕಷ್ಟ. ಹಿಂದೆ ಪಟ್ಟಿ ಇರುವುದು ತಗೊಳ್ಳಿ. ಎಂಸಿಆರ್ (ಮೈಕ್ರೋ ಸೆಲ್ಯುಲಾರ್ ರಬ್ಬರ್) ಚಪ್ಪಲಿ ಮೆತ್ತಗಿರುತ್ತದೆ, ಮಕ್ಕಳ ಸೈಜಿನಲ್ಲಿ ಹಿಂದೆ ಪಟ್ಟಿ ಇಟ್ಟು ಮಾಡಿಕೊಡುತ್ತಾರಾ ಕೇಳಿ. ಹಾಗಂತ ಬರಿಗಾಲು ವಿಷ ಅಲ್ಲ. ಊತ ಇಲ್ಲದ ದಿನ ಹುಲ್ಲಿನ ಮೇಲೆ, ಮರಳಿನ ಮೇಲೆ ಬಿಡಿ. ಪಾದದ ಸಣ್ಣ ಸ್ನಾಯುಗಳಿಗೂ ಕೆಲಸ ಬೇಕು. ಬೆಳಿಗ್ಗೆ ಬಿಗಿ ಇದ್ದರೆ ಬಿಸಿನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಅದರೊಳಗೇ ಪಾದದಲ್ಲಿ ಅ ಆ ಇ ಈ ಬರೆಯಲು ಹೇಳಿ. ಚೌಕಾಬಾರದ ಹುಣಸೆ ಬೀಜಗಳನ್ನು ಕಾಲುಬೆರಳಲ್ಲಿ ಹೆಕ್ಕಿ ಬಟ್ಟಲಿಗೆ ಹಾಕಿಸಿ. ವ್ಯಾಯಾಮ ಅಂದರೆ ಮಾಡುವುದಿಲ್ಲ, ಪಂದ್ಯ ಅಂದರೆ ಮಾಡುತ್ತಾರೆ.

ಕಾಲುಚೈನು:
ಉಗುರಿನ ವಿಷಯ ಯಾರೂ ಎತ್ತಲಿಲ್ಲ. ಮೆಥೊಟ್ರೆಕ್ಸೇಟ್ ಇರುವಾಗ, ಅಡಾಲಿಮುಮ್ಯಾಬ್ ಥರದ ಬಯಾಲಜಿಕ್ (ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್) ಇರುವಾಗ, ಸಣ್ಣ ಗಾಯವನ್ನೂ ಅಲಕ್ಷ್ಯ ಮಾಡುವಂತಿಲ್ಲ. ಉಗುರು ನೇರ ಕತ್ತರಿಸಿ, ಮೂಲೆ ಅಗೆಯಬೇಡಿ. ಆಣಿ ಆದರೆ ಅಂಗಡಿಯ ಕಾರ್ನ್ ಪಟ್ಟಿ ಅಂಟಿಸಬೇಡಿ, ಅದರಲ್ಲಿರುವ ಆಸಿಡ್ ಮಕ್ಕಳ ಚರ್ಮ ಸುಡುತ್ತದೆ.

ಮಲೆನಾಡಮ್ಮ:
ನಮ್ಮಲ್ಲಿ ಮಳೆಗಾಲ ಅಂದರೆ ಬೆರಳ ಸಂದಿ ಬೆಳ್ಳಗಾಗಿ ಸುಲಿಯುವುದು, ಉಂಬಳ ಕಚ್ಚಿದ್ದನ್ನು ತುರಿಸಿ ಹುಣ್ಣು ಮಾಡಿಕೊಳ್ಳುವುದು ಇದ್ದದ್ದೇ. ಅದಕ್ಕೂ ಡಾಕ್ಟರಿಗೆ ಫೋನ್ ಮಾಡಬೇಕಾ?

ಲೀಡ್ಸ್ ಕನ್ನಡತಿ:
ಕೀವು, ಜ್ವರ, ಸುತ್ತ ಕೆಂಪಾಗಿ ಬಿಸಿ ಆಗುವುದು, ಇವಿದ್ದರೆ ಖಂಡಿತ ಮಾಡಿ. ಆ ವಾರದ ಔಷಧಿ ಕೊಡುವುದಾ ಬಿಡುವುದಾ ಅಂತ ಅವರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ಉಳಿದಂತೆ ಒದ್ದೆ ಸಾಕ್ಸ್ ಬದಲಾಯಿಸುವುದು, ಬೆರಳ ಸಂದಿ ಒರೆಸುವುದು. ಎರಡು ಜೊತೆ ಇನ್ಸೋಲ್ ಇಟ್ಟುಕೊಂಡರೆ ಒಂದು ಒಣಗುತ್ತಿರುತ್ತದೆ. ರೆಡಿಮೇಡ್ ಕಡೆ ನನ್ನ ಒಲವು ಇದಕ್ಕೂ ಹೌದು. ಅಚ್ಚಿನದ್ದು ಎರಡು ಜೊತೆ ಯಾರು ಮಾಡಿಸುತ್ತಾರೆ?

ಧಾರವಾಡ ಅಪ್ಪ:
ಶನಿವಾರದ ಬಿಳಿ ಕ್ಯಾನ್ವಾಸ್ ಬಗ್ಗೆ ಯಾರೂ ಬರೆದಿಲ್ಲ. ವಾರವಿಡೀ ಒಳ್ಳೇ ಶೂ ಹಾಕಿಸಿ ಶನಿವಾರ ಡ್ರಿಲ್ ದಿನವೇ ಆ ತೆಳು ಸೋಲಿನ ಕ್ಯಾನ್ವಾಸಿನಲ್ಲಿ ಕುಣಿಸುತ್ತಾರೆ. ಇದು ಯಾವ ನ್ಯಾಯ? ನಾನು ಡಾಕ್ಟರ ಚೀಟಿ ತಂದು ಕೊಟ್ಟು ಬಿಳಿ ಸ್ಪೋರ್ಟ್ಸ್ ಶೂಗೆ ಪರವಾನಗಿ ತಗೊಂಡೆ. ಚೀಟಿಯಲ್ಲಿ "ವೈದ್ಯಕೀಯ ಕಾರಣಕ್ಕೆ ಶೂ ಬದಲಾವಣೆ" ಅಂತ ಬರೆಸಿ, ಕಾಯಿಲೆ ಹೆಸರು ಬರೆಸಬೇಕಂತಿಲ್ಲ. ಊರಿಗೆಲ್ಲ ಯಾಕೆ ಗೊತ್ತಾಗಬೇಕು?

ಮಲೆನಾಡಮ್ಮ:
ಇವಳು ಸರ್ಕಾರಿ ಶಾಲೆ. ಸರ್ಕಾರದ ವಿದ್ಯಾ ವಿಕಾಸ ಯೋಜನೆಯ ಶೂ ಬರುತ್ತದೆ, ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್. ಹೋದ ವರ್ಷದ್ದು ಮುಂದೆ ಚೂಪು. ಅದು ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಸೀಮೆಸುಣ್ಣ:
ಯಾಕೆ ಬೇಜಾರು? ಆ ಶೂ ಖರೀದಿಸುವುದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ, ಅದರಲ್ಲಿ ಊರಿನವರೇ ಇರುತ್ತಾರೆ. ಅಳತೆ ತೆಗೆಯುವ ಮೊದಲೇ ಹೆಡ್ ಮಾಸ್ಟರ ಹತ್ತಿರ ಹೋಗಿ, ಈ ಮಗುವಿಗೆ ಒಂದು ಸೈಜ್ ದೊಡ್ಡದು, ಮುಂದೆ ಅಗಲ ಇರುವುದು, ವೆಲ್ಕ್ರೋ ಇರುವುದು ಬೇಕು ಅಂತ ಹೇಳು. ನೂರು ಜೊತೆಯಲ್ಲಿ ಒಂದು ಜೊತೆ ಬೇರೆ ತರುವುದು ಅಂಗಡಿಯವನಿಗೆ ಕಷ್ಟವೇನಲ್ಲ. ಸಿಗಲಿಲ್ಲ ಅಂದರೆ ನಿನ್ನ ಶೂನೇ ಹಾಕಿ ಕಳಿಸು, ಕಪ್ಪು ಬಣ್ಣ ಇದ್ದರೆ ಯಾರೂ ಕೇಳುವುದಿಲ್ಲ. ತರಗತಿಯ ಹೊರಗೆ ಶೂ ಬಿಡಿಸುವ ಶಾಲೆಯಾದರೆ ಅದನ್ನೂ ಮಾತಾಡಿಕೋ, ದಿನವಿಡೀ ತಣ್ಣನೆ ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ಆ ಹರಡಿಗೆ ಆಗುವುದಿಲ್ಲ. ಬೆಂಚು ಕೇಳು.

ಇನ್ಸೋಲ್ ಮೇಷ್ಟ್ರು:
ಒಂದು ಸೈಜ್ ದೊಡ್ಡದು ಅಂತ ಕಣ್ಣು ಮುಚ್ಚಿ ಹೇಳಬೇಡಿ ಅಮ್ಮ, ಹಿಮ್ಮಡಿ ಜಾರಿದರೆ ಇನ್ಸೋಲ್ ಜಾಗ ಬಿಡುತ್ತದೆ. ಸಂಜೆ ಹೊತ್ತು, ಊತ ಇರುವಾಗಲೇ, ಎರಡೂ ಪಾದವನ್ನು ಹಾಳೆಯ ಮೇಲೆ ನಿಲ್ಲಿಸಿ ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆಯಿರಿ. ಮಗು ಕೂತಿರುವಾಗ ಅಲ್ಲ, ನಿಂತಿರುವಾಗ. ದೊಡ್ಡದಿರುವ ಪಾದದ ಅಳತೆಗೆ ಶೂ. ಆ ಹಾಳೆ ಕತ್ತರಿಸಿ ಶೂ ಒಳಗೆ ಇಟ್ಟು ನೋಡಿ, ಅಂಚು ಮಡಚಿಕೊಂಡರೆ ಆ ಶೂ ಬೇಡ. ಇನ್ಸೋಲ್ ಇದ್ದರೆ ಅದನ್ನೂ ಅಂಗಡಿಗೆ ತಗೊಂಡು ಹೋಗಿ.

ಮಲೆನಾಡಮ್ಮ:
ಸರಿ ಸರ್. ಡಾಕ್ಟರ ಕ್ಲಿನಿಕ್ಕಿನಿಂದ ಮೆಸೇಜ್ ಬಂತು, ಮುಂದಿನ ವಾರವೇ ಬನ್ನಿ, ಹರಡಿಗೆ ಅಲ್ಟ್ರಾಸೌಂಡ್ ಮಾಡೋಣ ಅಂದಿದ್ದಾರೆ. ಅದೇ ದಿನ ಜೆಪಿ ನಗರಕ್ಕೂ ಹೋಗಿ ಬರಲು ಆಗುತ್ತದಾ ಅಂತ ಫೋನ್ ಮಾಡಿ ಕೇಳುತ್ತೇನೆ. ಊತ ಇದ್ದರೆ ಅಚ್ಚು ಈಗ ಬೇಡ, ರೆಡಿಮೇಡ್ ಸರಿಮಾಡಿಸಿಕೊಂಡು ಬರುತ್ತೇವೆ. ಮಗಳನ್ನು ಕೇಳಿದೆ, ಅವಳದ್ದು ಒಂದೇ ಷರತ್ತು, ಶೂ ಮೇಲೆ ಲೈಟ್ ಇರಬೇಕಂತೆ. ಕಪ್ಪು ಬಣ್ಣ, ವೆಲ್ಕ್ರೋ, ಗಟ್ಟಿ ಹಿಮ್ಮಡಿ, ಲೈಟ್. ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?

ಪಿಯುಸಿ ಓದ್ತಾ ಇದೀನಿ:
ಶಾಲೆಗೆ ಕಪ್ಪು, ಮನೆ ಹತ್ತಿರ ಆಡೋಕೆ ಲೈಟ್ ಇರೋದು. ಇನ್ಸೋಲ್ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿ ಆಂಟಿ. ಲೈಟ್ ಇರೋ ಶೂ ಒಳಪದರ ಎದ್ದು ಬರುತ್ತಾ ಅಂತ ಮಾತ್ರ ಅಂಗಡಿಯಲ್ಲೇ ಎಳೆದು ನೋಡಿ, ಕೆಲವು ಅಂಟಿಸಿರ್ತಾರೆ.